ಹೀಲಿಯಂ ಹುಡುಕುವ ಚಿಕ್ಕ ಕಂಪನಿಗಳು: ಪ್ರಕಟಣೆಯನ್ನು ಕೊನೆಯಿಂದ ಓದಿ, ಆಮೇಲೆ ಶೇರು ಕೊಳ್ಳಿ

ಹೀಲಿಯಂ ಹುಡುಕುವ ಚಿಕ್ಕ ಕಂಪನಿಯ ಪ್ರಕಟಣೆ ನಿಮ್ಮ ಮುಂದೆ ಇದ್ದರೆ ಅದನ್ನು ಮೇಲಿನಿಂದ ಓದಬೇಡಿ. ಮೇಲೆ ದಪ್ಪ ಅಕ್ಷರದಲ್ಲಿ ಶೇಕಡಾವಾರು ಇರುತ್ತದೆ. ಅದರ ಕೆಳಗೆ ಮುಖ್ಯಸ್ಥರು ತಮಗೆ ಎಷ್ಟು ಸಂತೋಷವಾಗಿದೆ ಅಂತ ನಾಲ್ಕು ಸಾಲು ಹೇಳಿರುತ್ತಾರೆ. ನಮಗೆ ಬೇಕಾದದ್ದು ಕೆಳಗೆ ಸಣ್ಣ ಅಕ್ಷರದಲ್ಲಿದೆ: ಕೈಯಲ್ಲಿ ದುಡ್ಡು ಎಷ್ಟಿದೆ, ಶೇರು ಎಷ್ಟಿವೆ, ಬಾವಿಯಿಂದ ದಿನಕ್ಕೆ ಎಷ್ಟು ಗ್ಯಾಸ್ ಬಂತು. ಈ ಮೂರೂ ಇಲ್ಲದ ಪ್ರಕಟಣೆಯಾದರೆ ಅದು ಜಾಹೀರಾತು ಅಂದುಕೊಂಡು ಪಕ್ಕಕ್ಕಿಡಬಹುದು.

ನಾನು ಭೂವಿಜ್ಞಾನಿ ಅಲ್ಲ, ಹಣಕಾಸು ಸಲಹೆಗಾರನೂ ಅಲ್ಲ. ಎಂಆರ್‌ಐ ಯಂತ್ರಗಳ ಸರ್ವಿಸ್ ಇಂಜಿನಿಯರ್. ಊರು ದಾವಣಗೆರೆ, ಇರುವುದು ಬೆಂಗಳೂರಲ್ಲಿ. ಎಂಆರ್‌ಐ ಒಳಗಿನ ಮ್ಯಾಗ್ನೆಟ್ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಹಳೆಯ ಮಾದರಿಗಳಲ್ಲಿ ಅದು ಸಾವಿರದೈನೂರು ಲೀಟರ್ ಆಸುಪಾಸು. ಮಟ್ಟ ಇಳಿದಾಗ ಡೀವಾರ್ (ದ್ರವ ಹೀಲಿಯಂ ಒಯ್ಯುವ ಥರ್ಮಾಸ್‌ನಂಥ ಪಾತ್ರೆ) ತಂದು ತುಂಬಬೇಕು. ಮೊದಲು ಕೊಳವೆ ತಣ್ಣಗಾಗಬೇಕಲ್ಲ, ಅಲ್ಲಿಯವರೆಗೆ ಒಳಗೆ ಹೋದ ದ್ರವವೆಲ್ಲ ಗ್ಯಾಸಾಗಿ ಹೊರಗೇ ಹೋಗುತ್ತದೆ. ಬಾಯಿಯ ಹತ್ತಿರ ಬಿಳಿ ಹೊಗೆ, ಕೊಳವೆಯ ಮೈಮೇಲೆ ಮಂಜು. ಮೀಟರ್ ಮಾತ್ರ ಅಲ್ಲಾಡುವುದಿಲ್ಲ. ಪಕ್ಕದಲ್ಲಿ ನಿಂತ ಆಸ್ಪತ್ರೆಯವರು ಆ ಹೊಗೆಯನ್ನು ನೋಡುವ ರೀತಿ ನೋಡಿದರೆ ಹೀಲಿಯಂಗೆ ಎಷ್ಟು ಬೆಲೆ ಅಂತ ಬೇರೆ ಯಾರೂ ಹೇಳಬೇಕಿಲ್ಲ.

2022ರಲ್ಲಿ ಈ ಬೆಲೆ ಹುಚ್ಚೆದ್ದು ಏರಿತು. ಹೀಲಿಯಂ ತೆಗೆಯುವ ರಷ್ಯಾದ ಅಮೂರ್ ಗ್ಯಾಸ್ ಘಟಕದಲ್ಲಿ 2021ರ ಅಕ್ಟೋಬರ್‌ನಲ್ಲಿ ಬೆಂಕಿ, 2022ರ ಜನವರಿಯಲ್ಲಿ ಸ್ಫೋಟ. ಅದೇ ಹೊತ್ತಿಗೆ ಟೆಕ್ಸಾಸ್‌ನ ಅಮರಿಲ್ಲೊ ಬಳಿಯ ಅಮೆರಿಕ ಸರ್ಕಾರದ ಹೀಲಿಯಂ ಘಟಕವೂ ನಿಂತಿತು. ಚಿಕ್ಕ ಕಂಪನಿಗಳ ಸ್ಲೈಡುಗಳಲ್ಲಿ ಈ ಕಥೆ ಈಗಲೂ ಓಡುತ್ತದೆ: "ಹೀಲಿಯಂ ಮುಗಿಯುತ್ತಿದೆ, ನಮ್ಮ ಹತ್ತಿರ ಇದೆ." ಮುಗಿಯುತ್ತಿದೆ ಅನ್ನುವುದು ಅರ್ಧ ನಿಜ. ಜಗತ್ತು ವರ್ಷಕ್ಕೆ ಬಳಸುವುದು ಸುಮಾರು 600 ಕೋಟಿ ಘನ ಅಡಿ. ಅದರಲ್ಲಿ ಬಹುಪಾಲು ಅಮೆರಿಕ ಮತ್ತು ಕತಾರ್‌ನಿಂದಲೇ ಬರುತ್ತದೆ. ಕತಾರ್‌ನಲ್ಲಿ ಅದು ಎಲ್‌ಎನ್‌ಜಿ (ದ್ರವ ಮಾಡಿದ ನೈಸರ್ಗಿಕ ಅನಿಲ) ಮಾಡುವಾಗ ಸಿಗುವ ಉಪ ಉತ್ಪನ್ನ. ಅಂದರೆ ಹೀಲಿಯಂ ಬೆಲೆ ಬಿದ್ದರೂ ಅವರು ಉತ್ಪಾದನೆ ನಿಲ್ಲಿಸುವುದಿಲ್ಲ. ನಿಮ್ಮ ಚಿಕ್ಕ ಕಂಪನಿ ಪೈಪೋಟಿ ಮಾಡಬೇಕಿರುವುದು ಅಂಥವರ ಜೊತೆ.

ಶೇಕಡಾವಾರು ಬಿಡಿ, ಹರಿವು ಕೇಳಿ

ನೆಲದೊಳಗಿನ ಯುರೇನಿಯಂ, ಥೋರಿಯಂ ಕೋಟ್ಯಂತರ ವರ್ಷ ನಿಧಾನವಾಗಿ ಕ್ಷಯಿಸುತ್ತಾ ಹೀಲಿಯಂ ಹುಟ್ಟುತ್ತದೆ. ಹಳೆಯ ಗ್ರಾನೈಟ್ ಬೇಕು, ಗ್ಯಾಸನ್ನು ಬಂಡೆಯಿಂದ ಬಿಡಿಸುವ ಶಾಖ ಬೇಕು, ಮೇಲೆ ಸೋರದ ಮುಚ್ಚಳ ಬೇಕು. ಮೂರನೆಯದೇ ಕಷ್ಟ. ಇಷ್ಟು ಸಣ್ಣ ಪರಮಾಣು ಸಿಕ್ಕ ಸಂದಿಯಲ್ಲೆಲ್ಲ ಜಾರಿಹೋಗುತ್ತದೆ. ಉಪ್ಪಿನ ಪದರವೋ ಗಟ್ಟಿ ಶೇಲ್ ಪದರವೋ ಇದೆ ಅಂತ ಕಂಪನಿ ತೋರಿಸದಿದ್ದರೆ ಉಳಿದ ಭೂವಿಜ್ಞಾನ ಓದುವ ಗೋಜಿಗೆ ನಾನು ಹೋಗುವುದಿಲ್ಲ.

ಈಗ ಲೆಕ್ಕ. ಗಾಳಿಯಲ್ಲಿ ಹೀಲಿಯಂ ಇರುವುದು ಹತ್ತು ಲಕ್ಷ ಭಾಗದಲ್ಲಿ 5.2 ಭಾಗ. "ಮಣ್ಣಿನ ಗ್ಯಾಸಿನಲ್ಲಿ ಸಹಜಕ್ಕಿಂತ ಎರಡು ಪಟ್ಟು ಹೀಲಿಯಂ" ಅಂತ ಪ್ರಕಟಣೆ ಬಂದರೆ ಶೇಕಡಾ ಲೆಕ್ಕದಲ್ಲಿ ಅದು 0.001. ಅದು ಸುಳಿವು ಇರಬಹುದು. ದುಡ್ಡಂತೂ ಅಲ್ಲ. "ಇಷ್ಟು ಪಟ್ಟು" ಅಂದ ಕೂಡಲೇ ಮೊಬೈಲ್ ತೆಗೆದು ಶೇಕಡಾಗೆ ಬದಲಾಯಿಸಿಕೊಳ್ಳಿ. ಒಂದು ನಿಮಿಷದ ಕೆಲಸ.

ಶೇಕಡಾವಾರು ನಿಜವಾಗಿಯೂ ಚೆನ್ನಾಗಿದ್ದರೂ ಅದು ಅರ್ಧ ಮಾಹಿತಿಯೇ. ನಮ್ಮ ಕಡೆ ಬೋರ್‌ವೆಲ್ ಕೊರೆಸಿದವನನ್ನು ನೀರು ಎಷ್ಟು ಸಿಹಿ ಅಂತ ಯಾರಾದರೂ ಮೊದಲು ಕೇಳುತ್ತಾರಾ? ಎಷ್ಟು ಇಂಚು ಬಂತು ಅಂತ ಕೇಳುತ್ತಾರೆ. ಇಲ್ಲೂ ಅಷ್ಟೇ. ಒಂದು ಬಾವಿಯಲ್ಲಿ ಶೇ 8 ಹೀಲಿಯಂ ಇದೆ, ದಿನಕ್ಕೆ 500 ಎಂಸಿಎಫ್ (ಒಂದು ಎಂಸಿಎಫ್ ಅಂದರೆ ಸಾವಿರ ಘನ ಅಡಿ) ಗ್ಯಾಸ್ ಬರುತ್ತದೆ ಅಂದುಕೊಳ್ಳಿ. ಹೀಲಿಯಂ 40 ಎಂಸಿಎಫ್ ಆಯಿತು. ಇನ್ನೊಂದರಲ್ಲಿ ಬರೀ ಶೇ 1, ಆದರೆ ದಿನಕ್ಕೆ 5,000 ಎಂಸಿಎಫ್ ಹರಿವು. ಹೀಲಿಯಂ 50 ಎಂಸಿಎಫ್. ಸುದ್ದಿಯಾಗುವುದು ಮೊದಲನೆಯದು, ದುಡ್ಡು ಜಾಸ್ತಿ ಎರಡನೆಯದರಲ್ಲಿ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಬಹುಪಾಲು ನೈಟ್ರೋಜನ್, ಶೇ 1ರ ಆಸುಪಾಸು ಹೀಲಿಯಂ ಇರುವ ಗ್ಯಾಸಿನಿಂದಲೇ ವ್ಯಾಪಾರ ನಡೆಯುತ್ತಿದೆ. ನೈಟ್ರೋಜನ್ ಅನ್ನು ಗಾಳಿಗೆ ಬಿಟ್ಟರೆ ಮುಗಿಯಿತು. ಹಾಂ, ಎರಡನೆಯ ಬಾವಿಗೆ ದೊಡ್ಡ ಘಟಕ ಬೇಕು, ಆ ಖರ್ಚು ಬೇರೆ.

ಎಂಸಿಎಫ್‌ನ ಎಂ ಅಂದರೆ ಸಾವಿರ, ಮಿಲಿಯನ್ ಅಲ್ಲ. ಮಿಲಿಯನ್‌ಗೆ ಎಂಎಂಸಿಎಫ್, ಬಿಲಿಯನ್‌ಗೆ ಬಿಸಿಎಫ್. ತೈಲದವರ ಹಳೆಯ ರೂಢಿ ಇದು. ಒಂದು ಎಂ ತಪ್ಪಿ ಓದಿದರೆ ಲೆಕ್ಕ ಸಾವಿರ ಪಟ್ಟು ಕೆಡುತ್ತದೆ.

ಬೆಲೆ ಎಷ್ಟು ಹಾಕಿಕೊಳ್ಳಬೇಕು? ಹೀಲಿಯಂಗೆ ಚಿನ್ನ, ಕಚ್ಚಾ ತೈಲದ ಹಾಗೆ ಎಕ್ಸ್‌ಚೇಂಜ್ ಬೆಲೆ ಇಲ್ಲ. ಲಿಂಡೆ, ಏರ್ ಲಿಕ್ವಿಡ್, ಏರ್ ಪ್ರಾಡಕ್ಟ್ಸ್, ಮೆಸ್ಸರ್‌ನಂಥ ಕೆಲವೇ ಕಂಪನಿಗಳು ಉತ್ಪಾದಕರ ಜೊತೆ ವರ್ಷಗಟ್ಟಲೆಯ ಗುತ್ತಿಗೆ ಮಾಡಿಕೊಳ್ಳುತ್ತವೆ. ಬೆಲೆ ಗುಟ್ಟಾಗಿಯೇ ಇರುತ್ತದೆ. ಬಹಿರಂಗವಾಗಿ ಸಿಗುವ ಗುರುತು ಕಡಿಮೆ: 2018ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರದ ಹರಾಜಿನಲ್ಲಿ ಕಚ್ಚಾ ಹೀಲಿಯಂ ಎಂಸಿಎಫ್‌ಗೆ ಸುಮಾರು 280 ಡಾಲರ್‌ಗೆ ಹೋಯಿತು. 2023ಕ್ಕೆ ಅಮೆರಿಕದ ಭೂವಿಜ್ಞಾನ ಸಂಸ್ಥೆ ಶುದ್ಧ ಹೀಲಿಯಂಗೆ ಘನ ಮೀಟರಿಗೆ 14 ಡಾಲರ್ ಅಂತ ಅಂದಾಜು ಕೊಟ್ಟಿತು. ಅಂದರೆ ಎಂಸಿಎಫ್‌ಗೆ 390 ಡಾಲರ್ ಆಸುಪಾಸು. ಕಂಪನಿಯ ಸ್ಲೈಡಿನಲ್ಲಿ ಇದರ ಎರಡರಷ್ಟು ಬೆಲೆ ಕಂಡರೆ ಅದು ಅಂಗಡಿ ಬೆಲೆ ಅಂತಲೇ ತಿಳಿಯಿರಿ. ಸಿಲಿಂಡರಿನಲ್ಲಿ ತುಂಬಿ ಆಸ್ಪತ್ರೆ ಬಾಗಿಲಿಗೆ ತಲುಪಿಸಿದಾಗಿನ ದರ ಅದು. ಬಾವಿಯ ಬಾಯಲ್ಲಿ ಯಾರೂ ಅಷ್ಟು ಕೊಡುವುದಿಲ್ಲ. ನಾನು ಎಲ್ಲ ಲೆಕ್ಕವನ್ನೂ 300 ಡಾಲರ್‌ಗೆ ಹಾಕುತ್ತೇನೆ. ಆ ಬೆಲೆಗೆ ನಿಲ್ಲದ ಕಂಪನಿ ನನಗೆ ಬೇಡ.

ಬಳಕೆಯ ಕಡೆಯೂ ಒಂದು ಮಾತು. ಎಂಆರ್‌ಐ ಇರುವ ತನಕ ಬೇಡಿಕೆ ಏರುತ್ತಲೇ ಇರುತ್ತದೆ ಅಂತ ಕೆಲವರು ಬರೆಯುತ್ತಾರೆ. ನನ್ನ ಕೆಲಸದಲ್ಲಿ ನಾನು ನೋಡುತ್ತಿರುವುದು ಬೇರೆ. ಫಿಲಿಪ್ಸ್‌ನ ಬ್ಲೂಸೀಲ್ ಮ್ಯಾಗ್ನೆಟ್‌ನಲ್ಲಿ ಇರುವುದು 7 ಲೀಟರ್ ಹೀಲಿಯಂ, ಅದೂ ಒಳಗೇ ಸೀಲ್ ಆಗಿರುತ್ತದೆ. ಸೀಮೆನ್ಸ್‌ನ ಒಂದು ಮಾದರಿಯಲ್ಲಿ ಒಂದು ಲೀಟರೂ ಇಲ್ಲ. ಇಂಥ ಯಂತ್ರ ಬಂದ ಕಡೆ ಡೀವಾರ್ ಹಿಡಿದು ಹೋಗುವ ಕೆಲಸವೇ ಇಲ್ಲ. ಬೇಡಿಕೆ ಬೆಳೆಯುತ್ತಿರುವುದು ಚಿಪ್ ಕಾರ್ಖಾನೆಗಳಲ್ಲಿ. ಸ್ಲೈಡಿನಲ್ಲಿ ಎಂಆರ್‌ಐ ಚಿತ್ರವನ್ನೇ ದೊಡ್ಡದಾಗಿ ಹಾಕಿದ್ದರೆ ಆ ಕಂಪನಿಯವರು ತಮ್ಮ ಗಿರಾಕಿಯನ್ನು ಸರಿಯಾಗಿ ನೋಡಿಲ್ಲ.

ರುಕ್ವಾದ ಕಥೆ

ಈ ವ್ಯವಹಾರ ಹೇಗೆ ಓಡುತ್ತದೆ ಅಂತ ತಿಳಿಯಲು ಒಂದೇ ಉದಾಹರಣೆ ಸಾಕು. ಟಾಂಜಾನಿಯಾದ ನೈಋತ್ಯಕ್ಕೆ ರುಕ್ವಾ ಅಂತ ಕಣಿವೆ ಇದೆ. ಪೂರ್ವ ಆಫ್ರಿಕಾದ ಬಿರುಕು ಕಣಿವೆಯ ಭಾಗ. ಹಳೆಯ ಬಂಡೆಯೂ ಇದೆ, ಕೆಳಗಿನಿಂದ ಶಾಖವೂ ಇದೆ. 2016ರಲ್ಲಿ ಆಕ್ಸ್‌ಫರ್ಡ್, ಡರ್ಹಂ ವಿಶ್ವವಿದ್ಯಾಲಯಗಳ ಸಂಶೋಧಕರು ಹೀಲಿಯಂ ಒನ್ ಕಂಪನಿಯ ಜೊತೆ ಸೇರಿ ಇಲ್ಲಿ ದೊಡ್ಡ ಪ್ರಮಾಣದ ಹೀಲಿಯಂ ಇರಬಹುದು ಅಂದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಆಮೇಲೆ 138 ಬಿಸಿಎಫ್ ಅನ್ನುವ ಅಂದಾಜು ಬಂತು. ವರ್ಷಕ್ಕೆ ಜಗತ್ತು ಬಳಸುವುದು 6 ಬಿಸಿಎಫ್ (600 ಕೋಟಿ ಘನ ಅಡಿ) ಅಲ್ವಾ? ಇಪ್ಪತ್ತು ವರ್ಷಕ್ಕೂ ಜಾಸ್ತಿ ಸಾಕಾಗುವಷ್ಟು!

ಆದರೆ ಆ 138ರ ಹಿಂದೆ "ಪ್ರಾಸ್ಪೆಕ್ಟಿವ್, ಅನ್‌ರಿಸ್ಕ್ಡ್" ಅಂತ ಇತ್ತು. ಇದನ್ನು ಹೀಗೆ ಓದಬೇಕು: ಇನ್ನೂ ಕೊರೆದಿಲ್ಲ, ಕೊರೆದರೆ ಸಿಗದೇ ಹೋಗುವ ಸಾಧ್ಯತೆಯನ್ನು ಕಳೆದೂ ಇಲ್ಲ. ಬಾವಿ ಕೊರೆದು ಗ್ಯಾಸ್ ಸಿಕ್ಕಿದ ಮೇಲೆ ಅದು ಕಂಟಿಂಜೆಂಟ್ ಆಗುತ್ತದೆ. ತೆಗೆದು ಮಾರಿದರೆ ಲಾಭ ಬರುತ್ತದೆ ಅಂತ ಖಾತ್ರಿಯಾದ ಮೇಲೆ ಮಾತ್ರ ರಿಸರ್ವ್. ಮೊದಲ ಮೆಟ್ಟಿಲಲ್ಲಿರುವ ಸಂಖ್ಯೆಯನ್ನು ಮಾರುಕಟ್ಟೆ ಬೆಲೆಯಿಂದ ಗುಣಿಸಿ "ಇಷ್ಟು ಬಿಲಿಯನ್ ಡಾಲರ್ ಆಸ್ತಿ" ಅಂತ ಹೇಳುವವರು ಸಿಕ್ಕರೆ ಅವರ ಉಳಿದ ಮಾತನ್ನೂ ಕೇಳುವುದು ಬೇಡ.

ಹೀಲಿಯಂ ಒನ್ 2020ರ ಡಿಸೆಂಬರ್‌ನಲ್ಲಿ ಚಿಕ್ಕ ಕಂಪನಿಗಳಿಗಾಗಿಯೇ ಇರುವ ಲಂಡನ್ನಿನ ಏಮ್ ಶೇರು ಮಾರುಕಟ್ಟೆಗೆ 2.84 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್) ಬೆಲೆಗೆ ಬಂತು. ಬಾವಿ ಕೊರೆಯುವ ದಿನ ಹತ್ತಿರ ಬಂದಂತೆ ಶೇರು ಏರಿತು. 2021ರ ಮಧ್ಯದಲ್ಲಿ 20 ಪೆನ್ಸ್ ದಾಟಿತ್ತು. ಇನ್ನೂ ಒಂದು ಬಾವಿಯನ್ನೂ ಕೊರೆದು ಮುಗಿಸಿರಲಿಲ್ಲ ಅನ್ನುವುದನ್ನು ಗಮನಿಸಿ. ಆಗಸ್ಟ್‌ನಲ್ಲಿ ತಾಯ್-1 ಬಾವಿಯ ಫಲಿತಾಂಶ ಬಂತು: ಹೀಲಿಯಂ ಇರುವ ಗುರುತು ಇದೆ, ಹರಿದು ಬರುವ ಗ್ಯಾಸ್ ಇಲ್ಲ. ಶೇರು ಕುಸಿಯಿತು. ಮುಂದಿನ ಬಾವಿಗೆ ರಿಗ್ (ಬಾವಿ ಕೊರೆಯುವ ಯಂತ್ರ) ಸಿಗುವುದೇ ದೊಡ್ಡ ಕಥೆಯಾಯಿತು. 2023ರ ಕೊನೆಗೆ ಒಂದು ಶೇರಿಗೆ ಒಂದು ಪೆನ್ನಿಯೂ ಇರಲಿಲ್ಲ. ಆ ಕೆಳಗಿನ ಬೆಲೆಯಲ್ಲೇ ಮತ್ತೆ ಶೇರು ಮಾರಿ ದುಡ್ಡೆತ್ತಿದರು. 2024ರ ಫೆಬ್ರವರಿಯಲ್ಲಿ ಇಟುಂಬುಲಾ ವೆಸ್ಟ್-1 ಬಾವಿಯಿಂದ ಮೇಲಕ್ಕೆ ಬಂದ ಗ್ಯಾಸಿನಲ್ಲಿ ಶೇ 4.7 ಹೀಲಿಯಂ ಸಿಕ್ಕಿತು. ಶೇರು ಕೆಲವೇ ದಿನದಲ್ಲಿ ಹಲವು ಪಟ್ಟಾಯಿತು. ಮತ್ತೆ ಹೊಸ ಶೇರು ಬಂದವು.

ಇಲ್ಲಿ ಒಂದು ಸಂಗತಿ ನೋಡಿ. ಭೂವಿಜ್ಞಾನ ಗೆದ್ದಿತು. ಹೀಲಿಯಂ ಇತ್ತು, ಸಿಕ್ಕಿತು. ಆದರೂ 2021ರಲ್ಲಿ ಕೊಂಡು ಸುಮ್ನೆ ಇಟ್ಟುಕೊಂಡವರ ದುಡ್ಡು ವಾಪಸ್ ಬರಲಿಲ್ಲ. ಯಾಕೆ? ಲಿಸ್ಟ್ ಆದಾಗ ನೂರು ಕೋಟಿಗಿಂತ ಕಡಿಮೆ ಇದ್ದ ಶೇರುಗಳು ಐನೂರು ಕೋಟಿ ದಾಟಿದ್ದವು. ಬಾವಿ ಒಂದೇ, ಪಾಲುದಾರರು ಎಷ್ಟೋ ಪಟ್ಟು. ಜೊತೆಗೆ ಆ ಬಾವಿಯಲ್ಲಿ ಗ್ಯಾಸ್ ಬರುವುದು ಬಿಸಿನೀರಿನ ಜೊತೆ. ಪಂಪ್ ಇಳಿಸಿ ನೀರೆತ್ತಿ ಗ್ಯಾಸ್ ಬೇರ್ಪಡಿಸಬೇಕು. ಅದಕ್ಕೆ ಇನ್ನೂ ದುಡ್ಡು ಬೇಕು.

ಶೇರಿನ ಬೆಲೆಯ ಗ್ರಾಫನ್ನು ನಾನು ಒಂಟಿಯಾಗಿ ನೋಡುವುದೇ ಇಲ್ಲ. ಒಟ್ಟು ಶೇರುಗಳ ಸಂಖ್ಯೆಯಿಂದ ಗುಣಿಸಿ ಇಡೀ ಕಂಪನಿಯ ಬೆಲೆ ತೆಗೆಯುತ್ತೇನೆ. ವಾರಂಟ್, ಆಪ್ಷನ್ (ಮುಂದೆ ಗೊತ್ತಾದ ಬೆಲೆಗೆ ಶೇರು ಕೊಳ್ಳುವ ಹಕ್ಕು) ಎಲ್ಲ ಸೇರಿಸಿ. "ಒಂದು ಪೆನ್ನಿ ಮಾತ್ರ, ಅಗ್ಗ" ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಕೈಯಲ್ಲಿ ಎಷ್ಟು ತಿಂಗಳ ದುಡ್ಡಿದೆ

ಆಸ್ಟ್ರೇಲಿಯಾದ ಶೇರು ಮಾರುಕಟ್ಟೆ ಎಎಸ್‌ಎಕ್ಸ್‌ನಲ್ಲಿ ಇರುವ ಹುಡುಕಾಟದ ಕಂಪನಿಗಳು ಮೂರು ತಿಂಗಳಿಗೊಮ್ಮೆ ಅಪೆಂಡಿಕ್ಸ್ 5ಬಿ ಅನ್ನುವ ಫಾರ್ಮ್ ಕೊಡಬೇಕು. ನನಗೆ ಇಡೀ ಈ ವಲಯದಲ್ಲಿ ಅತಿ ಇಷ್ಟವಾದ ಕಾಗದ ಇದೇ. ಫೋಟೋ ಇಲ್ಲ, ಸಂತೋಷದ ಮಾತಿಲ್ಲ, ಬರೀ ಕೋಷ್ಟಕ. ನೇರವಾಗಿ 8ನೇ ವಿಭಾಗಕ್ಕೆ ಹೋಗಿ. ಈ ತ್ರೈಮಾಸಿಕದಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ, ಭಾಗಿಸಿದರೆ ಇನ್ನು ಎಷ್ಟು ತ್ರೈಮಾಸಿಕಕ್ಕೆ ಸಾಕು ಅನ್ನುವುದು 8.7ನೇ ಸಾಲಿನಲ್ಲಿ ಒಂದು ಸಂಖ್ಯೆಯಾಗಿ ಇರುತ್ತದೆ. ಅದು 2ಕ್ಕಿಂತ ಕಡಿಮೆ ಇದ್ದರೆ ಕಂಪನಿ ಮುಂದಿನ ಸಾಲಿನಲ್ಲಿ ಉತ್ತರ ಕೊಡಲೇಬೇಕು: ಇದೇ ಖರ್ಚು ಮುಂದುವರಿಯುತ್ತದಾ, ದುಡ್ಡೆತ್ತಲು ಏನು ಮಾಡುತ್ತಿದ್ದೀರಿ, ವ್ಯವಹಾರ ನಡೆಯುತ್ತದಾ. ಆ ಉತ್ತರದಲ್ಲಿ "ಹೂಡಿಕೆದಾರರಿಂದ ಮತ್ತೆ ಬಂಡವಾಳ ಎತ್ತುವ ವಿಶ್ವಾಸವಿದೆ" ಅಂತ ಇದ್ದರೆ ಹೊಸ ಶೇರು ಬರಲಿದೆ, ಅದೂ ಈಗಿನ ಬೆಲೆಗಿಂತ ಕಡಿಮೆಗೆ. ಆ ತನಕ ಕಾಯಿರಿ. ಅವಸರ ಏನೂ ಇಲ್ಲ.

ಲಂಡನ್ನಿನ ಏಮ್‌ನಲ್ಲಿ ಈ ಸೌಲಭ್ಯ ಇಲ್ಲ. ಅರ್ಧ ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ, ನೀವೇ ಭಾಗಾಕಾರ ಮಾಡಿಕೊಳ್ಳಬೇಕು. ಕೆನಡಾದಲ್ಲಿ ಚಿಕ್ಕ ಕಂಪನಿಗಳ ಶೇರು ಮಾರುಕಟ್ಟೆ ಟಿಎಸ್‌ಎಕ್ಸ್ ವೆಂಚರ್, ಅಲ್ಲಿನ ಕಂಪನಿಗಳ ಎಲ್ಲ ಕಾಗದ ಸೆಡಾರ್ ಪ್ಲಸ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ದುಡ್ಡೆತ್ತುವ ರೂಢಿ ಅಂದರೆ ಒಂದು ಶೇರು, ಜೊತೆಗೆ ಅರ್ಧ ಅಥವಾ ಪೂರ್ತಿ ವಾರಂಟ್. ಖಾಸಗಿಯಾಗಿ ಕೊಂಡವರು ಸಾಮಾನ್ಯವಾಗಿ ನಾಲ್ಕು ತಿಂಗಳು ಮಾರುವಂತಿಲ್ಲ. ಆ ಗಡುವು ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಶೇರನ್ನು ಮಾರಿ ವಾರಂಟನ್ನು ಪುಕ್ಕಟೆ ಇಟ್ಟುಕೊಳ್ಳುವವರು ಆ ವಾರ ಸಾಲುಗಟ್ಟುತ್ತಾರೆ.

ಆಡಿಟ್ ಆದ ವಾರ್ಷಿಕ ಲೆಕ್ಕದಲ್ಲಿ ಇನ್ನೊಂದು ನೋಡಿ. ನೆಲಕ್ಕೆ ಹೋದ ದುಡ್ಡೆಷ್ಟು, ಸಂಬಳ-ಪ್ರಚಾರ-ವಿಮಾನಕ್ಕೆ ಹೋದದ್ದೆಷ್ಟು. ಬಾವಿ ಕೊರೆಯದ ವರ್ಷದಲ್ಲೂ ಪ್ರಚಾರದ ಖರ್ಚು ಏರಿದ್ದರೆ ಆ ಕಂಪನಿ ಮಾರುತ್ತಿರುವ ಸರಕು ಹೀಲಿಯಂ ಅಲ್ಲ, ಶೇರು.

ಗ್ಯಾಸ್ ಸಿಕ್ಕ ಮೇಲೆ

ಸಿಕ್ಕಿದ ಮೇಲೆ ಕಷ್ಟ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ದಕ್ಷಿಣ ಆಫ್ರಿಕಾದ ರೆನರ್ಜೆನ್ 2023ರ ಜನವರಿಯಲ್ಲಿ ಮೊದಲ ದ್ರವ ಹೀಲಿಯಂ ತಯಾರಿಸಿದ್ದಾಗಿ ಹೇಳಿತು. ಅದರ ನಂತರ ಶೀತಲ ಘಟಕದಲ್ಲಿ ಸೋರಿಕೆ, ರಿಪೇರಿ, ತಡದ ಮೇಲೆ ತಡ. ಮೈನಸ್ 269 ಡಿಗ್ರಿಯ ಉಪಕರಣದ ಜೊತೆ ದಿನಾ ಒದ್ದಾಡುವ ನನಗೆ ಇದು ಅಚ್ಚರಿಯೇ ಅಲ್ಲ. ನಿರ್ವಾತದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಎಲ್ಲ ಕುದಿದು ಹೋಗುತ್ತದೆ. ಬಿರುಕು ಹುಡುಕಲು ಬಳಸುವುದೂ ಹೀಲಿಯಂ ಅನ್ನೇ, ಅದೊಂದು ತಮಾಷೆ. ಕೆನಡಾದ ರಾಯಲ್ ಹೀಲಿಯಂ ಆಲ್ಬರ್ಟಾದ ಸ್ಟೀವ್‌ವಿಲ್‌ನಲ್ಲಿ ಘಟಕ ಕಟ್ಟಿ 2023ರ ಕೊನೆಗೆ ಓಡಿಸಲು ಶುರು ಮಾಡಿತು. 2025ರ ಆರಂಭದಲ್ಲಿ ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಕಾನೂನಿನ ರಕ್ಷಣೆ ಕೇಳಬೇಕಾಯಿತು.

ಈ ಹಂತದಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ಗ್ಯಾಸ್ ರೂಪದಲ್ಲಿ ಮಾರುತ್ತಾರಾ, ದ್ರವ ಮಾಡುತ್ತಾರಾ? ದ್ರವಕ್ಕೆ ಬೆಲೆ ಜಾಸ್ತಿ, ಘಟಕಕ್ಕೆ ಇನ್ನೂ ಜಾಸ್ತಿ. ಕೊಳ್ಳುವವರ ಹೆಸರಿದೆಯಾ? ಗುತ್ತಿಗೆಗೆ ಸಹಿ ಆಗಿದೆಯಾ ಅಥವಾ ಬರೀ "ಮಾತುಕತೆ ನಡೆಯುತ್ತಿದೆ" ಅನ್ನುವ ಕಾಗದವಾ? ಘಟಕ ಕಟ್ಟಲು ಸಾಲ ತಂದರೆ ಬಡ್ಡಿ ಎಷ್ಟು, ಅಡವು ಏನು? ಕಾನೂನು ಇದೆಯಾ ಅಂತಲೂ ನೋಡಿ. ಅಮೆರಿಕದ ಮಿನೆಸೋಟಾದಲ್ಲಿ 2011ರಲ್ಲಿ ನಿಕಲ್ ಹುಡುಕಲು ಕೊರೆದವರಿಗೆ ಅಕಸ್ಮಾತ್ ಶೇ 10 ದಾಟಿದ ಹೀಲಿಯಂ ಸಿಕ್ಕಿತು. ಈಗ ಪಲ್ಸಾರ್ ಹೀಲಿಯಂ ಅದೇ ಜಾಗದಲ್ಲಿ ಕೊರೆದು ಇನ್ನೂ ಜಾಸ್ತಿ ಶೇಕಡಾ ತೋರಿಸಿದೆ. ಆದರೆ ಆ ರಾಜ್ಯದಲ್ಲಿ ಗ್ಯಾಸ್ ತೆಗೆಯುವ ಉದ್ಯಮವೇ ಇರಲಿಲ್ಲ. ಹಾಗಾಗಿ ನಿಯಮವೂ ಇರಲಿಲ್ಲ. 2024ರಲ್ಲಷ್ಟೇ ಶಾಸನಸಭೆ ಅದಕ್ಕೆ ದಾರಿ ಮಾಡಿತು.

ಇಲ್ಲಿಂದ ಕೊಳ್ಳುವುದು

ನಮ್ಮ ಎನ್‌ಎಸ್‌ಇ, ಬಿಎಸ್‌ಇಯಲ್ಲಿ ಹೀಲಿಯಂ ಹುಡುಕುವುದನ್ನೇ ಕಸುಬು ಮಾಡಿಕೊಂಡ ಕಂಪನಿ ನಾನು ಕಂಡಿಲ್ಲ. ಲಿಂಡೆ ಇಂಡಿಯಾ ಇದೆ, ಆದರೆ ಅದು ಆಕ್ಸಿಜನ್, ನೈಟ್ರೋಜನ್ ಎಲ್ಲ ಮಾರುವ ದೊಡ್ಡ ಗ್ಯಾಸ್ ಕಂಪನಿ. ಹಾಗಾಗಿ ಹೊರಗೆ ಹೋಗಬೇಕು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ದುಡ್ಡು ಕಳಿಸುವ ಯೋಜನೆ) ಪ್ರಕಾರ ಒಬ್ಬರು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ 20 ಟಿಸಿಎಸ್ (ಮೊದಲೇ ಹಿಡಿಯುವ ತೆರಿಗೆ) ಹಿಡಿಯುತ್ತದೆ. ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಇಂಥ ಶೇರಿಗೆ 10 ಲಕ್ಷ ದಾಟಿಸುವ ಯೋಚನೆ ಇದ್ದರೆ ಮೊದಲು ಮನೆಯವರ ಜೊತೆ ಮಾತಾಡಿ.

ಅಮೆರಿಕದ ಶೇರು ಮಾತ್ರ ಕೊಡಿಸುವ ನಮ್ಮ ಆ್ಯಪ್‌ಗಳಲ್ಲಿ ಇವು ಸಿಗುವುದಿಲ್ಲ. ಲಂಡನ್, ಟೊರೊಂಟೊ, ಸಿಡ್ನಿ ಎಲ್ಲ ಇರುವ ಅಂತರರಾಷ್ಟ್ರೀಯ ಬ್ರೋಕರ್ ಬೇಕು. ಕೊಳ್ಳಲು ಲಿಮಿಟ್ ಆರ್ಡರ್ (ಇಷ್ಟಕ್ಕಿಂತ ಜಾಸ್ತಿ ಕೊಡುವುದಿಲ್ಲ ಅಂತ ಬೆಲೆ ಹಾಕಿದ ಆರ್ಡರ್) ಮಾತ್ರ ಹಾಕಿ. ಕೊಳ್ಳುವ ಬೆಲೆ 0.85 ಪೆನ್ಸ್, ಮಾರುವ ಬೆಲೆ 0.80 ಅಂತ ಇದ್ದರೆ ಕೊಂಡ ಕ್ಷಣವೇ ಶೇ 6 ಹೋಯಿತು. ಸಾಲ ಮಾಡಿ ಕೊಳ್ಳುವ ಮಾರ್ಜಿನ್ ವ್ಯವಹಾರಕ್ಕೆ ಎಲ್‌ಆರ್‌ಎಸ್‌ನಲ್ಲಿ ಅವಕಾಶವೇ ಇಲ್ಲ, ಒಳ್ಳೆಯದೇ ಆಯಿತು. ಲಂಡನ್ ಪ್ರಕಟಣೆಗಳು ಅಲ್ಲಿನ ಬೆಳಿಗ್ಗೆ 7ಕ್ಕೆ ಶುರುವಾಗುತ್ತವೆ. ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ 12.30, ಬೇಸಿಗೆಯಲ್ಲಿ 11.30. ಮಾರುಕಟ್ಟೆ ತೆರೆಯಲು ಇನ್ನೊಂದು ಗಂಟೆ ಇರುತ್ತದೆ. ಊಟಕ್ಕೆ ಕೂರುವ ಮೊದಲು ಕೊನೆಯಿಂದ ಮೇಲಕ್ಕೆ ಓದಲು ಅಷ್ಟು ಸಾಕು.

ಎಷ್ಟು ಹಾಕಬೇಕು? ನನ್ನ ಒಟ್ಟು ಹೂಡಿಕೆಯಲ್ಲಿ ಇಂಥದ್ದಕ್ಕೆ ಶೇ 2ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಹತ್ತು ಹೀಲಿಯಂ ಕಂಪನಿ ಕೊಂಡರೆ ಅಪಾಯ ಹಂಚಿಹೋಗುತ್ತದೆ ಅನ್ನುವುದನ್ನು ನಂಬಬೇಡಿ. ಕತಾರ್, ಅಮೂರ್‌ನಿಂದ ಸರಕು ಧಾರಾಳವಾಗಿ ಬಂದರೆ ಹತ್ತೂ ಒಟ್ಟಿಗೆ ಬೀಳುತ್ತವೆ. ಹರಿವಿನ ಪರೀಕ್ಷೆ ಮುಗಿದು, ಅದರ ಬೆನ್ನಿಗೆ ಬರುವ ಹೊಸ ಶೇರಿನ ಸುದ್ದಿಯೂ ಆದ ಮೇಲೆ ನಾನು ಕೊಳ್ಳುತ್ತೇನೆ. ಹತ್ತು ಪಟ್ಟು ಏರುವ ಓಟ ಅಷ್ಟೊತ್ತಿಗೆ ಮುಗಿದಿರುತ್ತದೆ, ಇರಲಿ. ಮೊದಲೇ ಕೊಂಡಿದ್ದವರಾದರೆ ರಿಗ್ ಬಂದು ನಿಂತು ಶೇರು ಏರಿರುವಾಗ ಹಾಕಿದ ಅಸಲನ್ನು ತೆಗೆದುಬಿಡಿ. ಬಾವಿಯ ಫಲಿತಾಂಶದ ಬೆಳಿಗ್ಗೆ ಉಳಿದಿರುವುದು ಲಾಭದ ದುಡ್ಡು ಮಾತ್ರ ಆಗಿರಲಿ.

ತೆರಿಗೆಗೆ ಬಂದರೆ, 24 ತಿಂಗಳು ದಾಟಿ ಮಾರಿದ ಲಾಭಕ್ಕೆ ಶೇ 12.5, ಅದಕ್ಕೂ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬ್ ಪ್ರಕಾರ. ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ (ಹೊರದೇಶದ ಆಸ್ತಿಯ ಪಟ್ಟಿ) ತುಂಬಲೇಬೇಕು. ಅದು ಏಪ್ರಿಲ್-ಮಾರ್ಚ್ ಅಲ್ಲ, ಜನವರಿ-ಡಿಸೆಂಬರ್ ಲೆಕ್ಕ. ಐಟಿಆರ್-1ರಲ್ಲಿ ಆ ಪುಟವೇ ಇಲ್ಲ, ಸಂಬಳದವರು ಐಟಿಆರ್-2ಕ್ಕೆ ಹೋಗಬೇಕು. ಶೇರಿನ ವ್ಯವಹಾರ ನಿಂತುಹೋಗಿ ಬೆಲೆ ಸೊನ್ನೆ ಅಂತ ತೋರಿಸುತ್ತಿದ್ದರೂ ಅದು ನಿಮ್ಮ ಖಾತೆಯಲ್ಲಿ ಇರುವ ತನಕ ಪ್ರತಿ ವರ್ಷ ಬರೆಯುತ್ತಾ ಹೋಗಬೇಕು. ಸುಮ್ಮನೆ ಬೆಲೆ ಸೊನ್ನೆಯಾಯಿತು ಅಂತ ನಷ್ಟ ತೋರಿಸಲು ಬರುವುದಿಲ್ಲ. ಹಾಗಾಗಿ ಮಾರಲು ಸಾಧ್ಯವಿರುವಾಗಲೇ ಮಾರಿ ನಷ್ಟ ದಾಖಲಿಸಿ.